ಬೆಳ್ಳಿ ದರ್ಜೆಗೆ ನನ್ನ ದಂಡಯಾತ್ರೆ

ಇಪ್ಪತ್ತೆರಡು ವರ್ಷ ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಪಕ್ಕ ನಿಂತು ಕೆಲಸ ಮಾಡಿ, ಹುಬ್ಬಿನ ಒಂದು ಕೂದಲೂ ಸುಟ್ಟುಕೊಳ್ಳದೆ ಹೊರಗೆ ಬಂದವನು ನಾನು. ಅಂಥವನಿಗೆ ಕಂಪ್ಯೂಟರಿನೊಳಗೆ ಓಡಾಡುವ ಹೆಬ್ಬೆರಳು ಗಾತ್ರದ ಸೈನಿಕರು ಯಾವ ಲೆಕ್ಕ? ಒಂದು ತಿಂಗಳಲ್ಲಿ ಬೆಳ್ಳಿ ದರ್ಜೆಗೆ ಏರುತ್ತೇನೆ ಎಂದು ಹೆಂಡತಿ ಗಿರಿಜಾಳ ಮುಂದೆ ಘೋಷಿಸಿದೆ.

"ಯಾವ ವರ್ಷದ ತಿಂಗಳು?" ಅಂತ ಕೇಳಿದಳು.

ಈ ಹುಚ್ಚು ಹತ್ತಿಸಿದವನು ಸೆಲ್ವರಾಜ. ಫೌಂಡ್ರಿಯಲ್ಲಿ ಅವನು ಕ್ರೇನ್ ಆಪರೇಟರ್. ಮೇಲೆ ಕ್ಯಾಬಿನ್ನಿನಲ್ಲಿ ಅವನು, ಕೆಳಗೆ ನೆಲದ ಮೇಲೆ ಕೈಸನ್ನೆ ಕೊಡುವವನು ನಾನು. ಆ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ನಾನು ಬೆರಳು ತಿರುಗಿಸಿದರೆ ಅವನು ಎತ್ತುತ್ತಿದ್ದ, ಅಂಗೈ ತಗ್ಗಿಸಿದರೆ ಇಳಿಸುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ. ನಾಲ್ಕು ವರ್ಷದ ಹಿಂದೆ ನಮ್ಮ ವಿಭಾಗ ಮುಚ್ಚಿತು. ಅವನು ಶಿವಮೊಗ್ಗದ ರಾಗಿಗುಡ್ಡಕ್ಕೆ ಹೋಗಿ ಶಾಲೆ ವ್ಯಾನ್ ಓಡಿಸತೊಡಗಿದ. ನಾನು ಒಂದು ಹಳೇ ಕಂಪ್ಯೂಟರ್ ತಂದು ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟೆ. ಮೂವತ್ತನಾಲ್ಕನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು, ಎರಡೇ ಬೆರಳಿನಲ್ಲಿ ಟೈಪು ಮಾಡುವವನು. ನಾನು ಗಿರಾಕಿಯ ಹೆಸರು, ತಂದೆಯ ಹೆಸರು ಮುಗಿಸಿ ವಿಳಾಸಕ್ಕೆ ಬರುವಷ್ಟರಲ್ಲಿ ಅರ್ಜಿಯ ಕೊನೇ ದಿನ ಮುಗಿದಿರುತ್ತಿತ್ತು. ಅಂಗಡಿ ಮುಚ್ಚಿ ಹಾರ್ಡ್‌ವೇರ್ ಅಂಗಡಿಯೊಂದರ ಕೌಂಟರಿಗೆ ಸೇರಿದೆ. ಕಂಪ್ಯೂಟರ್ ಮನೆಗೆ ಬಂತು.

ಭದ್ರಾವತಿಗೂ ಶಿವಮೊಗ್ಗಕ್ಕೂ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆ ಪೂರ್ತಿಯಾಗುವುದಿಲ್ಲ. ಆದರೂ ನಾವು ಭೇಟಿಯಾಗುತ್ತಿದ್ದದ್ದು ಪೊಂಗಲ್ಲಿಗೆ ಒಮ್ಮೆ, ಯಾರದಾದರೂ ಗೃಹಪ್ರವೇಶಕ್ಕೆ ಒಮ್ಮೆ. ಫೋನ್ ಮಾಡಿದರೆ ಹೀಗೆ:

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು. ಮತ್ತೆ?"

"ಮತ್ತೇನಿಲ್ಲ. ಇಡ್ಲಾ?"

"ಇಡು."

ಜಗಳ ಏನೂ ಇರಲಿಲ್ಲ. ಮಾತಾಡಿ ಅಭ್ಯಾಸವೇ ಇಲ್ಲ, ಅಷ್ಟೆ. ಜೊತೆಗೆ ಒಂದು ಕೆಲಸ ಮಾಡುವುದು ಬಿಟ್ಟು ನಮಗೆ ಬೇರೆ ಸ್ನೇಹ ಗೊತ್ತಿರಲಿಲ್ಲ. ಕೆಲಸವೇ ಹೋದ ಮೇಲೆ ಫೋನ್ ಹಿಡಿದುಕೊಂಡು ಇಬ್ಬರೂ ಸುಮ್ಮನೆ ಉಸಿರು ಬಿಡುತ್ತಿದ್ದೆವು.

ಒಂದು ದಿನ ಅವನೇ ಫೋನ್ ಮಾಡಿ ಉದ್ದಕ್ಕೆ ಮಾತಾಡಿದ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಸಂಜೆ ಕರೆದುಕೊಂಡು ಬರುವವರೆಗೆ ಅವನಿಗೆ ಬಿಡುವು. ಆ ಹೊತ್ತು ಆಲ್ಕೊಳ ಸರ್ಕಲ್ ಹತ್ತಿರದ ಗೇಮಿಂಗ್ ಸೆಂಟರಿನಲ್ಲಿ ಯುದ್ಧದ ಆಟ ಆಡುತ್ತಾನಂತೆ. ನಿಮ್ಮದೊಂದು ಊರು, ಎದುರಾಳಿಯದೊಂದು ಊರು. ಮರ ಕಡಿಸಬೇಕು, ಹೊಲ ಮಾಡಿಸಬೇಕು, ಸೈನ್ಯ ಕಟ್ಟಬೇಕು, ಎದುರಾಳಿಯ ಊರನ್ನು ನೆಲಸಮ ಮಾಡಬೇಕು. ಚೆಸ್ಸಿನ ಹಾಗೆ ಸರದಿ ಇಲ್ಲ. ನೀವು ಯೋಚನೆ ಮಾಡುತ್ತಿರುವಾಗಲೇ ಅವನು ಬಂದು ಬೆಂಕಿ ಇಟ್ಟಿರುತ್ತಾನೆ.

"ಜೋಡಿಯಾಗೂ ಆಡ್ಬೋದು ಕಣೋ," ಅಂದ. "ಎರಡು ಊರು ಈ ಕಡೆ, ಎರಡು ಊರು ಆ ಕಡೆ."

ಅವನು ಮುಗಿಸುವ ಮೊದಲೇ ಹೇಳಿದೆ, "ನಾನು ಬರ್ತೀನಿ ನಿನ್ ಜೋಡಿ."

"ಆಗಲ್ಲ ಮಾರಾಯ. ಕಬ್ಬಿಣ, ಕಂಚು, ಬೆಳ್ಳಿ, ಚಿನ್ನ ಅಂತ ದರ್ಜೆ ಇದೆ. ಒಂದೇ ದರ್ಜೆಯವರೇ ಜೋಡಿ ಆಗ್ಬೇಕು. ನಾನು ಬೆಳ್ಳಿ. ಈಗ ಸದ್ಯಕ್ಕೆ ದಾವಣಗೆರೆಯ ಒಬ್ರು ಹಲ್ಲಿನ ಡಾಕ್ಟ್ರು ಇದಾರೆ, ಚೆನ್ನಾಗಿ ಆಡ್ತಾರೆ."

ಆ ದಿನದಿಂದ ನನಗೆ ಹಲ್ಲಿನ ಡಾಕ್ಟರುಗಳ ಮೇಲಿದ್ದ ಗೌರವ ಇಳಿದುಹೋಯಿತು. ಇಪ್ಪತ್ತೆರಡು ವರ್ಷ ನನ್ನ ಕೈ ನೋಡಿದವನು ಈಗ ಯಾರದೋ ಬಾಯಿ ನೋಡುವವನ ಜೊತೆ!

"ಮುಂದಿನ ತಿಂಗಳು ಇಲ್ಲೇ ಸೆಂಟರಲ್ಲಿ ಜೋಡಿ ಪಂದ್ಯ ಇಟ್ಟಿದಾರೆ," ಅಂದ ಸೆಲ್ವ. "ಅಷ್ಟರಲ್ಲಿ ಬೆಳ್ಳಿಗೆ ಬಾ. ಡಾಕ್ಟ್ರಿಗೆ ನಾನು ಹೇಳ್ತೀನಿ."

ಹೀಗೆ ಶುರುವಾಯಿತು.

ಮೊದಲ ಆಟದಲ್ಲಿ ನಾನು ಮರ್ಯಾದೆ ಬಿಡಲಿಲ್ಲ. ಗುರುತಿಲ್ಲದವರ ಜೊತೆ ಕೂತಾಗ ಮಾತಾಡಿಸದೇ ಇರುವುದು ಹೇಗೆ? ಪರದೆಯ ಮೂಲೆಯಲ್ಲಿ ಬರೆಯಲು ಜಾಗವಿತ್ತು. "ನಮಸ್ಕಾರ. ನಾನು ಭದ್ರಾವತಿಯಿಂದ ರುದ್ರಪ್ಪ. ತಾವು ಯಾವ" ಅಂತ ಬರೆಯುವಷ್ಟರಲ್ಲಿ ನನ್ನ ಊರು ಹೊತ್ತಿ ಉರಿಯುತ್ತಿತ್ತು. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡಬಾರದು ಅಂತ "ಊರು" ಅಂತಲೂ ಟೈಪು ಮಾಡಿದೆ. ಅಷ್ಟು ಹೊತ್ತಿಗೆ ನನಗೇ ಊರಿರಲಿಲ್ಲ.

ಎರಡನೇ ಆಟ, ಮೂರನೇ ಆಟ, ಹತ್ತನೇ ಆಟ. ಸೋಲಿನಲ್ಲಿ ವೈವಿಧ್ಯ ಇರಲಿ ಅಂತ ಬೇರೆ ಬೇರೆ ರೀತಿ ಸೋತೆ. ಆಡಿದ ಆಟವನ್ನು ಮತ್ತೆ ಹಾಕಿ ನೋಡುವ ಸೌಕರ್ಯ ಇತ್ತು. ಅದನ್ನು ಸೆಲ್ವನಿಗೆ ಕಳಿಸಿದೆ. ನೋಡಿ ಫೋನ್ ಮಾಡಿದ.

"ರುದ್ರ, ಆಟದ ಮಧ್ಯ ನಿನ್ನ ಕೆಲಸದವರೆಲ್ಲ ಹೊಲ ಬಿಟ್ಟು ಓಡೋಗಿ ಮನೆ ಒಳಗೆ ಸೇರ್ಕೊಂಡ್ರಲ್ಲ, ಯಾಕೆ?"

"ಗಂಟೆ ಹೊಡ್ದೆ."

"ಅದು ಶತ್ರು ಬಂದಾಗ ಹೊಡೆಯೋ ಗಂಟೆ ಕಣೋ. ಶತ್ರು ಎಲ್ಲಿ ಬಂದಿದ್ದ?"

"ಶತ್ರು ಇಲ್ಲ. ಟೀಗೆ ಬಿಟ್ಟೆ."

"ಟೀಗಾ?"

"ಆಟ ಶುರು ಆದಾಗಿಂದ ಒಂದೇ ಸಮ ಮರ ಕಡೀತಿದಾರೆ ಸೆಲ್ವ. ಒಂದು ಲೋಟ ನೀರಿಲ್ಲ, ಕೂರೋದಿಲ್ಲ. ನಾವು ಟೀ ಬ್ರೇಕ್‌ಗೋಸ್ಕರ ಗೇಟ್ ಮುಂದೆ ಎಷ್ಟು ದಿನ ಕೂತಿದ್ವಿ, ಮರ್ತ್ಯಾ?"

"ಮರ್ತಿಲ್ಲ," ಅಂದ. "ಎಷ್ಟು ಸಲ ಬಿಡ್ತೀಯ?"

"ಒಂದಾಟಕ್ಕೆ ಎರಡು ಸಲ. ಆಟ ಉದ್ದ ಆದ್ರೆ ಊಟಕ್ಕೂ."

"ಅವು ಬೊಂಬೆ ಕಣೋ. ಬೆಳ್ಳಿಗೆ ಬರ್ಬೇಕು ಅಂದ್ರೆ ಟೀ ನಿಲ್ಲಿಸು."

ನಿಲ್ಲಿಸಿದೆ. ಕಾರ್ಮಿಕರ ಬೆನ್ನಿಗೆ ಚೂರಿ ಹಾಕಿದ ಪಾಪಪ್ರಜ್ಞೆಯಲ್ಲಿ ಎರಡು ದಿನ ನಾನೂ ಟೀ ಕುಡಿಯಲಿಲ್ಲ. ಆದರೆ ಮರುದಿನವೇ ಜೀವನದ ಮೊದಲ ಆಟ ಗೆದ್ದೆ.

ಇನ್ನು ಕೀಬೋರ್ಡಿನ ಕೀಲಿಗಳು. ಮೌಸ್ ಹಿಡಿದು ಒಂದೊಂದೇ ಒತ್ತುತ್ತಾ ಕೂತರೆ ಆಗದು, ಪ್ರತಿಯೊಂದಕ್ಕೂ ಇಂಗ್ಲಿಷ್ ಅಕ್ಷರದ ಕೀಲಿ ಇದೆ, ಅದು ಬೆರಳಿಗೆ ಬಾಯಿಪಾಠ ಆಗಬೇಕು ಅಂದ ಸೆಲ್ವ. ನಾನು ಬಾಯಿಪಾಠ ಮಾಡುವ ರೀತಿ ಒಂದೇ. ಇನ್ನೂರು ಪುಟದ ನೋಟ್‌ಬುಕ್ ತಂದು ಒಂದೊಂದನ್ನೂ ನೂರು ಸಲ ಬರೆದೆ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪಾಸಾಗಿದ್ದೂ ಹೀಗೇ. ಗಿರಿಜಾ ಅವರೆಕಾಯಿ ಬಿಡಿಸುತ್ತಾ ನೋಟ್‌ಬುಕ್ ಮಡಿಲಲ್ಲಿಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದಳು.

"ಕುದುರೆ ಸವಾರ?"

"ಎ. ಆಮೇಲೆ ಎಸ್."

"ಬಿಲ್ಲುಗಾರ?"

"ಡಿ... ಅಲ್ಲ, ಎಫ್."

"ಸತ್ರು ನಿಮ್ಮೋರು," ಅಂದಳು, ಒಂದು ಕಾಳು ಬುಟ್ಟಿಗೆ ಹಾಕುತ್ತಾ. "ರೀ, ಬಚ್ಚಲ ನಲ್ಲಿ ಸೋರೋಕೆ ಶುರುವಾಗಿ ಮೂರು ವಾರ ಆಯ್ತು. ಹಾರ್ಡ್‌ವೇರ್ ಅಂಗಡೀಲಿ ಕೂತಿರ್ತೀರ, ಒಂದು ವಾಷರ್ ತರೋಕಾಗಲ್ಲ. ಅಲ್ಲಿ ಕೋಟೆ ಕಟ್ತೀರ."

"ಕೋಟೆ ಅರ್ಜೆಂಟು ಕಣೆ."

"ಸೆಲ್ವಣ್ಣನ್ನ ನೋಡ್ಬೇಕು ಅನ್ಸಿದ್ರೆ ಬಸ್ ಹತ್ತಿ ಹೋಗಿ ಬನ್ನಿ ಮಾರಾಯ್ರೆ. ಅದಕ್ಕೆ ಯುದ್ಧ ಯಾಕೆ ಬೇಕು?"

ಹೋಗಿ ಎದುರಿಗೆ ಕೂತು ಏನು ಮಾಡುವುದು? ಊಟ ಆಯ್ತಾ ಅಂತ ಕೇಳಬಹುದು. ಅವಳಿಗೆ ಅದನ್ನು ಹೇಗೆ ಹೇಳುವುದೋ ತಿಳಿಯದೆ ವಾಷರ್ ತಂದು ಹಾಕಿದೆ.

ಪಂದ್ಯಕ್ಕೆ ಮೂರು ದಿನ ಇರುವಾಗ ನಾನು ಬಿದ್ದು ಎದ್ದು ಕಬ್ಬಿಣ ದಾಟಿ ಕಂಚಿನ ತುತ್ತತುದಿಯಲ್ಲಿದ್ದೆ. ಇನ್ನೊಂದು ಗೆದ್ದರೆ ಬೆಳ್ಳಿ. ಆ ಆಟದಲ್ಲಿ ಎದುರಾಳಿಯ ಸೈನ್ಯ ನನ್ನ ಗೋಡೆ ಒಡೆದು, ಹೊಲ ತುಳಿದು, ಕೊನೇ ಕಟ್ಟಡದ ಬಾಗಿಲಿಗೆ ಬಂದು ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ತೆಗೆದು ನೋಡಿದರೆ "ನಿಮಗೆ ಜಯ" ಅಂತ ಬಂದಿದೆ. ಆ ಕಡೆ ಕರೆಂಟು ಹೋಯಿತೋ, ಮನೆಯವರು ಊಟಕ್ಕೆ ಎಳೆದುಕೊಂಡು ಹೋದರೋ, ಎದುರಾಳಿ ಆಟದಿಂದ ಮಾಯವಾಗಿದ್ದ. ಹೀಗೆ ನಾನು ಶೌರ್ಯದಿಂದ ಬೆಳ್ಳಿಗೆ ಏರಿದೆ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಲ್ಕೊಳದಲ್ಲಿ ಇಳಿದೆ. ಸೆಲ್ವನೂ ಇಸ್ತ್ರಿ ಅಂಗಿಯಲ್ಲಿ ಸೆಂಟರಿನ ಬಾಗಿಲಲ್ಲೇ ನಿಂತಿದ್ದ. ಹೆಣ್ಣು ನೋಡಲು ಹೊರಟ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದೆವು. ಒಳಗೆ ಎಲ್ಲರೂ ಕಾಲೇಜಿನವರು. ನಮಗೆ ಎದುರಾಳಿಗಳು ಡಿಪ್ಲೊಮಾ ಓದುವ ಇಬ್ಬರು ಹುಡುಗಿಯರು. "ಆಲ್ ದಿ ಬೆಸ್ಟ್ ಅಂಕಲ್" ಅಂದರು. ನಾನು ಹೆಡ್‌ಫೋನ್ ತಲೆಗೆ ಏರಿಸಿಕೊಂಡು ಗಂಭೀರವಾಗಿ ತಲೆಯಾಡಿಸಿದೆ.

ಜೋಡಿಯವರು ಎದುರುಬದುರು ಕೂರುವ ಹಾಗೆ ಟೇಬಲ್ ಹಾಕಿದ್ದರು. ಪರದೆಯ ಮೇಲಿಂದ ಸೆಲ್ವನ ಹಣೆ, ಕಣ್ಣು ಕಾಣುತ್ತಿದ್ದವು. ಆಟ ಶುರುವಾಯಿತು. ಹತ್ತು ನಿಮಿಷ ನಾವು ಆಡಿದ ಆಟ ನೋಡಬೇಕಿತ್ತು. ಅವನು ಕುದುರೆ ಕಟ್ಟಿದ, ನಾನು ಬಿಲ್ಲುಗಾರರನ್ನು ಕಟ್ಟಿದೆ. ಎಫ್ ಕೀಲಿ ತಪ್ಪಲಿಲ್ಲ. ಯಾರೂ ಟೀ ಕುಡಿಯಲಿಲ್ಲ. ಸೆಲ್ವ ಅಷ್ಟೂ ಸೈನ್ಯ ಕಟ್ಟಿಕೊಂಡು ಆ ಹುಡುಗಿಯರ ಊರಿನ ಕಡೆ ಹೊರಟ.

ಆಗ ನಾನು ಕಂಡೆ. ದಾರಿಯ ಎರಡೂ ಕಡೆ ಕಾಡಿನಲ್ಲಿ ಅವರ ಸೈನ್ಯ ಅಡಗಿ ಕೂತಿದೆ. ಇನ್ನು ನಾಲ್ಕು ಹೆಜ್ಜೆ ಹೋದರೆ ಸೆಲ್ವ ಮುಗಿದ. ಹೆಡ್‌ಫೋನಿಗೆ ಮೈಕ್ ಇತ್ತು, ನಿಲ್ಲಿಸು ಅಂದಿದ್ದರೆ ಸಾಕಿತ್ತು. ಟೈಪು ಮಾಡುವ ಮಾತು ಬಿಡಿ, ಅದು ಮುಂದಿನ ಭಾನುವಾರಕ್ಕೆ ಮುಗಿಯುತ್ತಿತ್ತು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಎರಡೂ ಕೈ ತಾವಾಗಿಯೇ ಮೇಲೆದ್ದವು, ಅಂಗೈ ಮುಂದಕ್ಕೆ.

ಫೌಂಡ್ರಿಯಲ್ಲಿ ಅದಕ್ಕೆ ಅರ್ಥ ಒಂದೇ. ಎಲ್ಲಾ ಬಿಡು, ಏನನ್ನೂ ಮುಟ್ಟಬೇಡ. ಆಪರೇಟರ್ ಲಿವರ್‌ನಿಂದ ಎರಡೂ ಕೈ ತೆಗೆದು, ಬಿಟ್ಟಿದ್ದೇನೆ ಅಂತ ಕೆಳಗಿನವನಿಗೆ ಎತ್ತಿ ತೋರಿಸಬೇಕು. ಕೆಳಗಿನವನು ಮತ್ತೆ ಸನ್ನೆ ಕೊಡುವವರೆಗೆ ಅಲ್ಲಾಡುವ ಹಾಗಿಲ್ಲ.

ಸೆಲ್ವ ಎರಡೂ ಕೈ ಮೇಲೆತ್ತಿದ.

ಮುಂದಿನ ಅಪ್ಪಣೆ ಇಲ್ಲದೆ ಅವನ ಸೈನ್ಯ ದಾರಿಯ ಮಧ್ಯೆ ನಿಂತಿತು. ನನ್ನ ಕೈಯೂ ಮೇಲಿದ್ದುದರಿಂದ ನನ್ನದೂ ನಿಂತಿತು. ಕಾಡಿನಿಂದ ಅವರು ಹೊರಬಿದ್ದರು. ಸೆಲ್ವ ಪರದೆ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದ, ಮೊದಲಿನ ಹಾಗೆ, ರೆಪ್ಪೆ ಹೊಡೆಯದೆ. ನಾಲ್ಕು ವರ್ಷದಿಂದ ನನ್ನ ಕೈಯನ್ನು ಯಾರೂ ಹಾಗೆ ನೋಡಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವ ಕೈಯನ್ನು ಯಾರು ನೋಡುತ್ತಾರೆ? ಇಳಿಸಬೇಕು ಅಂತ ಗೊತ್ತಿತ್ತು. ಇನ್ನೊಂದು ಗಳಿಗೆ ಇರಲಿ ಅನ್ನಿಸಿತು. ಆ ಒಂದು ಗಳಿಗೆಯಲ್ಲಿ ಎರಡೂ ಊರು ಹೋದವು.

ಪಂದ್ಯ ನಡೆಸುತ್ತಿದ್ದವನು ಬಂದು, ಕೈ ಎತ್ತಿ ಕೂತಿದ್ದ ನಮ್ಮಿಬ್ಬರನ್ನೂ ನೋಡಿ, "ಶರಣಾದರು" ಅಂತ ಬರೆದುಕೊಂಡ.

ಹುಡುಗಿಯರಲ್ಲಿ ಒಬ್ಬಳು ಸೆಲ್ವನ ಹತ್ತಿರ ಬಂದಳು. "ಅಂಕಲ್, ಚೆನ್ನಾಗಿ ಬರ್ತಿದ್ರಿ. ಯಾಕೆ ನಿಲ್ಸಿಬಿಟ್ರಿ?"

"ಇವನು ನಿಲ್ಸು ಅಂದ," ಅಂದ ಸೆಲ್ವ. "ಇವನು ಅಂದ್ಮೇಲೆ ನಿಲ್ಲಿಸ್ಬೇಕಮ್ಮ."

ಹೊರಗೆ ಬಂದು ಟೀ ಕುಡಿದೆವು. ನಾನು ಕ್ಷಮೆ ಕೇಳಬೇಕು ಅಂತಿದ್ದೆ. ಅವನು ನಗತೊಡಗಿದ, ನಾನೂ ನಕ್ಕೆ, ಟೀ ಅಂಗಿಯ ಮೇಲೆ ಚೆಲ್ಲಿತು. ಬಸ್ಸು ಬಂದಾಗ ಕೇಳಿದೆ, "ಇನ್ನು ಡಾಕ್ಟ್ರ ಜೊತೆನಾ?"

"ನೋಡಣ," ಅಂದ.

ನನ್ನ ಬೆಳ್ಳಿ ನಾಲ್ಕು ದಿನ ಇತ್ತು. ಐದನೇ ದಿನ ಕಂಚಿಗೆ ಇಳಿದೆ. ಸುದ್ದಿ ಹೇಳಲು ಫೋನ್ ಮಾಡಿದಾಗ ಸೆಲ್ವ ಅಂದ, "ನೀನು ಹತ್ತೋದು ಕಷ್ಟ ಕಣೋ. ನಾನೇ ಇಳೀತೀನಿ. ಬೇಕಂತ ಸೋಲ್ತಾ ಬಂದ್ರೆ ಆಯ್ತು."

ಹೇಳಿದಷ್ಟು ಸುಲಭವಾಗಿರಲಿಲ್ಲ. ಸೋಲಲು ಕೂತರೆ ಅವನ ಕೈ ಕೇಳುತ್ತಿರಲಿಲ್ಲ, ಅಭ್ಯಾಸಬಲದಿಂದ ಗೆದ್ದುಬಿಡುತ್ತಿದ್ದ. ದಿನಾ ಸಂಜೆ ಫೋನ್ ಮಾಡಿ "ಇವತ್ತೂ ಗೆದ್ದೆ ಮಾರಾಯ" ಅಂತ ಬೇಜಾರು ಮಾಡಿಕೊಳ್ಳುತ್ತಿದ್ದ. ಹಲ್ಲಿನ ಡಾಕ್ಟರಿಗೆ ವಿಷಯ ಗೊತ್ತಾಗಿ ಬೇರೆ ಜೋಡಿ ನೋಡಿಕೊಂಡರಂತೆ. ಅವರ ಮೇಲಿನ ಗೌರವ ನನಗೆ ವಾಪಸ್ ಬಂತು.

ಸೆಲ್ವ ಅಷ್ಟು ಕಷ್ಟಪಟ್ಟು ಇಳಿಯುತ್ತಿರುವಾಗ ನಾನು ಸುಮ್ಮನೆ ಕೂರುವುದು ಸರಿಯೇ? ಅವನಿಗೆ ದಾರಿ ಹತ್ತಿರ ಮಾಡೋಣ, ಬೆಳ್ಳಿಗೆ ಏರಿಬಿಡೋಣ ಅಂತ ದಿನಕ್ಕೆ ನಾಲ್ಕು ಆಟ ಹಠ ಹಿಡಿದು ಆಡಿದೆ. ಮೂರನೇ ವಾರ ಅವನ ಫೋನ್ ಬಂತು. ಫೌಂಡ್ರಿಯ ಗದ್ದಲದಲ್ಲಿ ಕೂಗುವ ಹಾಗೆ ಕೂಗುತ್ತಿದ್ದ.

"ಬಂದೆ ಕಣೋ! ಕಂಚಿಗೆ ಬಂದೆ. ಎಲ್ಲಿದೀಯ? ಕಾಣ್ತಾನೇ ಇಲ್ಲ."

ನಾನು ಪರದೆ ನೋಡಿದೆ. ನನ್ನ ಹೆಸರಿನ ಪಕ್ಕ ಹಿಂದಿನ ದಿನವಷ್ಟೇ ಬಂದಿದ್ದ ಹೊಸ ಗುರುತಿತ್ತು.

"ಇನ್ನೊಂಚೂರು ಕೆಳಗೆ," ಅಂದೆ.

"ಕಬ್ಬಿಣನಾ?"

"ಹ್ಞೂಂ."

ಸೆಲ್ವ ಉಸಿರು ಬಿಟ್ಟಿದ್ದು ಕೇಳಿಸಿತು. "ಸರಿ. ಅಲ್ಲೇ ಇರು, ಬರ್ತೀನಿ. ಏನೂ ಮುಟ್ಬೇಡ."

ಅವನು ಇನ್ನೂ ಬರುತ್ತಿದ್ದಾನೆ. ಮೊನ್ನೆ ಮತ್ತೆ ಎರಡು ಆಟ ಗೆದ್ದುಬಿಟ್ಟನಂತೆ, ತಡವಾಗುತ್ತದೆ ಅಂದ. ನಾನು ಕಾಯುತ್ತಿದ್ದೇನೆ. ಒಂದು ಸಮಾಧಾನ, ಆ ಆಟದಲ್ಲಿ ಕಬ್ಬಿಣಕ್ಕಿಂತ ಕೆಳಗೆ ದರ್ಜೆ ಇಲ್ಲ. ಇದ್ದಿದ್ದರೆ ಅವನು ಬಂದು ಸೇರುವಷ್ಟರಲ್ಲಿ ನಾನು ಅಲ್ಲಿರುತ್ತಿದ್ದೆ.