ಹಾಸ್ಟೆಲ್ಲಿನ ಸೋಮವಾರಗಳು

೧೯೬೧ನೇ ಇಸವಿ, ಜುಲೈ ಹತ್ತು, ಸೋಮವಾರ. ಬೆಳಿಗ್ಗೆಯಿಂದ ಮೋಡ, ಜೋರು ಗಾಳಿ, ಮಳೆಯಿಲ್ಲ. ಮಾತು ಬಾರದವನನ್ನೇ ಮಾತಿನ ಕೆಲಸಗಳು ಹುಡುಕಿಕೊಂಡು ಬರುತ್ತವೆ. ಅಂದು ನನ್ನನ್ನೂ ಒಂದು ಹುಡುಕಿಕೊಂಡು ಬಂತು.

ದಾವಣಗೆರೆಯ ಕಾಲೇಜೊಂದರಲ್ಲಿ ನಾನು ತರ್ಕಶಾಸ್ತ್ರದ ಹಂಗಾಮಿ ಅಧ್ಯಾಪಕ. ಪ್ರಿನ್ಸಿಪಾಲರು ಕರೆದು ಹೇಳಿದರು: "ಹಾಸ್ಟೆಲ್ ಹುಡುಗರಿಗೂ ಅಧ್ಯಾಪಕರಿಗೂ ಬಳಕೆಯೇ ಇಲ್ಲ. ಇನ್ನು ಮೇಲೆ ಒಬ್ಬೊಬ್ಬ ಅಧ್ಯಾಪಕರಿಗೆ ಒಂದೊಂದು ಸಾಲು ಕೋಣೆ. ಸೋಮವಾರ ಹುಡುಗರ ಜೊತೆ ಊಟ ಮಾಡಿ, ಕಷ್ಟಸುಖ ಕೇಳಿ. ಅವರು ನಿಮ್ಮನ್ನ ಹಚ್ಚಿಕೊಂಡಿದ್ದಾರೋ ಇಲ್ಲವೋ ಮಾರ್ಚಿಯಲ್ಲಿ ನೋಡ್ತೀನಿ. ಆಮೇಲೆ ಖಾಯಂ ಮಾತು."

ಖಾಯಂ ಆಗದೆ ನನಗೆ ಮದುವೆಯೂ ಇರಲಿಲ್ಲ. ಹೆಣ್ಣಿನ ತಂದೆ ಅಷ್ಟನ್ನು ಸ್ಪಷ್ಟವಾಗಿಯೇ ಹೇಳಿದ್ದರು.

ಮೊದಲ ಪಂಕ್ತಿ

ಹುಡುಗರು ನೆಲದ ಮೇಲೆ ಎದುರುಬದುರು ಕೂತರು. ನನ್ನನ್ನು ಸಾಲಿನ ತಲೆಗೆ ಕೂರಿಸಿದರು. ರೊಟ್ಟಿ, ಪಲ್ಯ, ಆಮೇಲೆ ಅನ್ನ. ಕಷ್ಟಸುಖ ಕೇಳಬೇಕಲ್ಲ. "ಊಟ ಹೇಗಿದೆ?" ಎಂದೆ. "ಚಲೋ ಐತ್ರಿ ಸರ್" ಎಂದು ಸಾಲಿಗೆ ಸಾಲೇ ಹೇಳಿತು. ಕಷ್ಟಸುಖ ಅಲ್ಲಿಗೆ ಮುಗಿಯಿತು.

ಜೊತೆಗೆ ಕೂತವರು ಉಂಡು ಮುಗಿಸುವ ತನಕ ಏಳಬಾರದೆಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ಹುಡುಗರು ಕೈ ನಿಲ್ಲಿಸಲಿ ಎಂದು ನಾನು ಒಂದೊಂದೇ ಅಗುಳು ತಿನ್ನುತ್ತಾ ಕೂತೆ. ಅವರು ಬಡಿಸಿದ್ದನ್ನೆಲ್ಲ ಹಾಕಿಸಿಕೊಳ್ಳುತ್ತಲೇ ಇದ್ದರು. ನನ್ನ ಬಾಡಿಗೆ ಮನೆ ಇದ್ದದ್ದು ಹರಿಹರದಲ್ಲಿ. ಸಂಜೆಯ ರೈಲುಗಾಡಿ ಬಂದ ಶಿಳ್ಳೆ ಕೇಳಿತು. ಹೊರಟ ಶಿಳ್ಳೆಯೂ ಕೇಳಿತು. ಒಬ್ಬ ಹುಡುಗ ಗೋಡೆಗೆ ಒರಗಿ ಕಣ್ಣು ಮುಚ್ಚಿದ, ಕೈ ಮಾತ್ರ ತಟ್ಟೆಯಲ್ಲೇ ಇತ್ತು.

ಕೊನೆಗೆ ಅಡಿಗೆಯವರು ಬಂದು ನನ್ನ ಕಿವಿಯಲ್ಲಿ ಹೇಳಿದರು: "ಕೈ ಮುಗೀತೀನಿ ಸರ್, ಏಳ್ರಿ. ನೀವು ಉಣ್ಣೋತನಕ ಇವ್ರೂ ಉಣ್ಣಬೇಕು ಅಂತ ವಾರ್ಡನ್ನರು ಹೇಳ್ಯಾರೆ. ನಾಳಿನ ಹಿಟ್ಟೂ ಖಾಲಿ ಆತು."

ಹರಿಹರದ ಭಾನುವಾರ

ಹುಡುಗರು ಅಧ್ಯಾಪಕರ ಮನೆಗೂ ಹೋಗಬೇಕೆಂದು ಎರಡನೇ ಅಪ್ಪಣೆ ಹೊರಟಿತು. ಒಂದು ಭಾನುವಾರ ಬೆಳಗಿನ ಗಾಡಿಗೇ ನನ್ನ ಸಾಲಿನವರು ಬಂದುಬಿಟ್ಟರು. ನಾನಿನ್ನೂ ಮಲಗಿದ್ದೆ. ಮೇಷ್ಟರನ್ನು ಎಬ್ಬಿಸುವುದು ಮರ್ಯಾದೆಯಲ್ಲವೆಂದು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಮಾತಿಲ್ಲದೆ ಅಂಗಳದಲ್ಲಿ ನಿಂತರು. ಬೀದಿಯವರು ಇದನ್ನು ನೋಡಿದರು. ಒಬ್ಬೊಬ್ಬರಾಗಿ ಬಂದು ಅವರೂ ನಿಂತರು. ಎದುರಿನ ಕಿರಾಣಿ ಅಂಗಡಿಯ ಬಾಗಿಲು ಅರ್ಧ ಮುಚ್ಚಿತು.

ಗದ್ದಲವಿಲ್ಲದ ಗದ್ದಲಕ್ಕೆ ಎಚ್ಚರವಾಗಿ ನಾನು ಬಾಗಿಲು ತೆಗೆದಾಗ ಮನೆ ಮಾಲೀಕರು ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಒಂದು ತಿಂಗಳೂ ಬಾಡಿಗೆ ತಪ್ಪಿಸಿದೋರಲ್ಲ, ಪಾಪ."

ನನ್ನನ್ನು ಕಂಡು ತಡವರಿಸಿದರು. "ಅದೀರಾ?"

"ಇದ್ದೇನೆ."

ಅವರು ಪಕ್ಕದಲ್ಲಿದ್ದ ಅಪರಿಚಿತರ ಕಡೆ ತಿರುಗಿ, "ಹಂಗಾರೆ ನಿಮಗೆ ಮನೆ ಇಲ್ಲ ಬಿಡ್ರಿ" ಎಂದರು.

ಕುಕ್ಕುವಾಡದ ಗೌಡರು

ಫೆಬ್ರವರಿ ಬಂದರೂ ಹುಡುಗರು "ಚಲೋ ಐತ್ರಿ" ದಾಟಿರಲಿಲ್ಲ. ನನಗೆ ನಿದ್ದೆ ಕಡಿಮೆಯಾಗಿತ್ತು. ಒಂದು ಸೋಮವಾರ ಕುಕ್ಕುವಾಡದ ಹುಡುಗನೊಬ್ಬನ ಕೋಣೆಯಲ್ಲಿ ಕೂತು, ಬೇರೇನೂ ತೋಚದೆ, "ಮನೆಯಲ್ಲಿ ಹಾಲು ಮಜ್ಜಿಗೆ ಇದೆಯೇ?" ಎಂದೆ. ಅವನ ಬಾಯಿ ಬಿಚ್ಚಿಕೊಂಡಿತು. ಅವರ ಎಮ್ಮೆ ಇವನೊಬ್ಬನ ಕೈಗೇ ಹಾಲು ಬಿಡುವುದಂತೆ. ಬೇರೆ ಯಾರೇ ಕೂತರೂ ಒದೆಯುವುದಂತೆ. ರಜೆಗೆ ಊರಿಗೆ ಹೋದರೆ ಅದರ ಸಂಭ್ರಮವೇ ಸಂಭ್ರಮವಂತೆ. ಅಕ್ಕಪಕ್ಕದ ಕೋಣೆಯವರೂ ಬಂದು ತಮ್ಮ ತಮ್ಮ ದನಕರುಗಳ ಕಥೆ ತೆಗೆದರು. ಮೊದಲ ಸಲ ನಾನೂ ನಕ್ಕೆ.

ಆಗಲೇ ಅವನ ತಂದೆ ಗೌಡರು ಬುತ್ತಿ ಹಿಡಿದು ಬಾಗಿಲಲ್ಲಿ ನಿಂತರು. ಮಗನ ಮಂಚದ ಮೇಲೆ ಮೇಷ್ಟರು.

"ಏನ್ ಮಾಡ್ಯಾನ್ರಿ ನಮ್ಮ ಹುಡುಗ?"

"ಏನೂ ಮಾಡಿಲ್ಲ. ಒಳ್ಳೆಯ ಹುಡುಗ."

"ಒಳ್ಳೇ ಹುಡುಗನ ಕೋಣೆಗೆ ಮೇಷ್ಟ್ರು ಯಾಕ್ ಬರ್ತಾರ್ರಿ?"

ಅವರ ತರ್ಕ ಸರಿಯಾಗಿಯೇ ಇತ್ತು. "ಸುಮ್ಮನೆ ಮಾತಾಡುತ್ತಿದ್ದೆವು."

"ಏನ್ ಮಾತು?"

"ನಿಮ್ಮ ಎಮ್ಮೆಯ ವಿಷಯ."

ಗೌಡರ ಮುಖ ಸಣ್ಣದಾಯಿತು. "ದಂಡ ಗಿಂಡ ಏನರ?"

"ಏನೂ ಬೇಡ" ಎಂದೆ. ಅವರು ತಲೆಯಾಡಿಸಿ ಬುತ್ತಿ ಇಟ್ಟು ಹೋದರು.

ಮಾರ್ಚಿಯಲ್ಲಿ ಪ್ರಿನ್ಸಿಪಾಲರು ಮನೆಗೆ ಕರೆಸಿದರು. ಖಾಯಂ ಆರ್ಡರು ಮೇಜಿನ ಮೇಲಿತ್ತು, ಸಹಿ ಇರಲಿಲ್ಲ.

"ಕುಕ್ಕುವಾಡದ ಗೌಡರ ಹತ್ತಿರ ಏನು ಕೇಳಿದ್ರಿ?"

"ಏನೂ ಕೇಳಲಿಲ್ಲ ಸರ್." ಮದುವೆ ಕೈತಪ್ಪಿತೆಂದೇ ಅಂದುಕೊಂಡೆ. ಆದರೂ ನಡೆದದ್ದನ್ನೆಲ್ಲ ಹೇಳಿದೆ.

ಅವರು ನಿಟ್ಟುಸಿರು ಬಿಟ್ಟು ಸಹಿ ಹಾಕಿ, ಕಾಗದವನ್ನು ನನ್ನತ್ತ ತಳ್ಳಿದರು. "ಹುಡುಗರು ನಿಮ್ಮನ್ನ ಹಚ್ಚಿಕೊಂಡಿದ್ದಾರೆ. ನನಗೆ ಹೇಗೆ ಗೊತ್ತಾಯಿತು, ಬನ್ನಿ ತೋರಿಸ್ತೀನಿ."

ಹಿತ್ತಿಲ ಬಾಗಿಲು ತೆಗೆದರು. ಅವರ ಮನೆಯವರ ಮಲ್ಲಿಗೆ ಬಳ್ಳಿ ಇದ್ದ ಜಾಗದಲ್ಲಿ ಒಂದು ಎಮ್ಮೆ ಚಡಪಡಿಸುತ್ತಿತ್ತು. ನನ್ನ ಸಾಲಿನವರೆಲ್ಲ ಅಲ್ಲಿದ್ದರು. ಒಬ್ಬನ ಕೈಯಲ್ಲಿ ಜೋಳದ ಸೊಪ್ಪೆ, ಒಬ್ಬನ ಕೈಯಲ್ಲಿ ಸಗಣಿ ಪುಟ್ಟಿ. ಗೌಡರ ಮಗ ಬರಿಯ ಚೆಂಬು ಹಿಡಿದು ದೂರ ನಿಂತಿದ್ದ.

"ದಂಡ ಅಂತ ಗೌಡರು ತಂದು ಕಟ್ಟಿ ಹೋದ್ರು. ಕೆಚ್ಚಲು ಬಿಗಿದು ಬೆಳಗಿನಿಂದ ಅರಚ್ತಾ ಇದೆ. ಈ ಪುಣ್ಯಾತ್ಮ, ನಮ್ಮ ಸರ್ ಖಾಯಂ ಆಗದೆ ಹಾಲು ಕರೆಯೋದಿಲ್ಲ ಅಂತಾನೆ" ಎಂದರು ಪ್ರಿನ್ಸಿಪಾಲರು.

ನಾನು ಕಾಗದ ತೋರಿಸಿದೆ. ಹುಡುಗ ಕುಕ್ಕರುಗಾಲಲ್ಲಿ ಕೂತ.

"ವಾಪಸ್ಸು ಕಳಿಸಬಹುದಿತ್ತಲ್ಲ ಸರ್?" ಎಂದೆ.

"ಏನೂ ಬೇಡ, ಹೊಡೆದುಕೊಂಡು ಹೋಗಿ ಅಂತ ಗೌಡರಿಗೆ ನಾನೂ ಹೇಳಿ ಕಳಿಸಿದೆ" ಎಂದು ಅವರು ಬೇವಿನ ಮರದ ಹಿಂದಕ್ಕೆ ಬೆರಳು ತೋರಿಸಿದರು. "ನಿನ್ನೆ ಇನ್ನೊಂದು ಬಂತು."