ಎಣ್ಣೆಯೊಳಗೆ ಬಚ್ಚಿಟ್ಟ ಕಹಿ

ಔಷಧಿ ಅರೆಯುವವನಿಗೆ ಇಂಥ ಪಾಡು ತಪ್ಪಿದ್ದಲ್ಲ. ಮಹಾರಾಜರ ಕಾಲದಲ್ಲಿ ನಾನು ನಂಜನಗೂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಂಗಾಮಿ ಕಾಂಪೌಂಡರ್. ಕೆಲಸ ಖಾಯಮಾಗದೆ ಮಗಳನ್ನು ಕೊಡೋದಿಲ್ಲ ಅಂತ ನರಸೀಪುರದ ಸೋದರಮಾವ ಪಟ್ಟು ಹಿಡಿದು ಕೂತಿದ್ದರು.

೧. ಒಗ್ಗರಣೆ

ಹರಳೆಣ್ಣೆ ನೀರಿಗೆ ಬೆರೆಯಬೇಕಾದರೆ ಗೋಂದು ಹಾಕಿ ಕಲ್ಬತ್ತಿನಲ್ಲಿ ಅರೆಯಬೇಕು. ಮೊದಲ ಸಲ ಗೋಂದಿನಲ್ಲಿ ಕೈ ಬಿಗಿ ಹಿಡಿದೆ. ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದು, "ಹನಿ ಸಾಸಿವೆ ಗಾತ್ರ ಇದೆಯಲ್ಲಯ್ಯ! ಇದು ಔಷಧಿಯೋ, ಒಗ್ಗರಣೆಯೋ?" ಅಂದರು. ಗೋಂದು ಹೆಚ್ಚಿಸಿ, ರಟ್ಟೆ ಬೀಳುವ ಹಾಗೆ ಅರೆದೆ. ಹನಿ ಗಸಗಸೆಗೆ ಇಳಿಯಿತು, ಕೊನೆಗೆ ಕಣ್ಣಿಗೇ ಕಾಣದೆ ಹಾಲಾಯಿತು. ನನ್ನ ರಟ್ಟೆಗೆ ಮಾತ್ರ ಆ ರಾತ್ರಿ ಅದೇ ಹರಳೆಣ್ಣೆ ಹಚ್ಚಬೇಕಾಯಿತು.

೨. ಹಾಲು

ಆ ಹಾಲು ನೋಡಿ ಹದಿನಾರು ಗ್ರಾಮದ ಗೌಡರೊಬ್ಬರು ಸೀಸೆ ಹಿಂದಕ್ಕೆ ತಳ್ಳಿದರು.

"ಏನ್ ಸಾ, ಎಣ್ಣೆ ಕೊಡಿ ಅಂದ್ರೆ ಆಲು ಕೊಡ್ತೀರಲ್ಲ? ನಮ್ಮಟ್ಟೀಲಿ ಎಮ್ಮೆ ಇಲ್ವಾ?"

"ಎಣ್ಣೆ ಒಳಗೇ ಇದೆ ಗೌಡ್ರೇ, ಕಾಣೋದಿಲ್ಲ ಅಷ್ಟೆ."

"ಕಾಣ್ದೇ ಇರೋದು ಒಟ್ಟೇಲಿ ಏನ್ ಕೆಲ್ಸ ಮಾಡಾತು?"

ಸೋತು ಬರಿಯ ಎಣ್ಣೆ ಕೊಟ್ಟೆ. ಮೂಗು ಹಿಡಿದು ಕುಡಿದು, ಮುಖ ಹಿಂಡಿ, "ಇದು ಔಸ್ದಿ ಕಣ್ರೀ!" ಅಂತ ಕೈಮುಗಿದು ಹೋದರು.

೩. ಶಿಫಾರಸು

ಅಮಲ್ದಾರರಿಗೆ ಚಳಿಜ್ವರ ಬಂತು. ಕ್ವಿನೈನಿನ ಕಹಿ ಕಂಡರೆ ಅವರಿಗಾಗದು. "ಕಹಿ ತಿಳಿಯದ ಹಾಗೆ ಕೊಡು, ಖಾಯಂ ಮಾಡಿಸ್ತೀನಿ" ಅಂದರು. ನನಗೆ ಆಗಲೇ ಓಲಗ ಕೇಳಿಸಿತು.

ಡಾಕ್ಟರು ಉಪಾಯ ಹೇಳಿಕೊಟ್ಟರು: "ಜೇನುಮೇಣ ಕರಗಿಸಿದ ಎಣ್ಣೇಲಿ ಕ್ವಿನೈನು ನೀರು ಹಾಕಿ ಜೋರಾಗಿ ಅರಿ. ಆ ಎಣ್ಣೇನ ಗೋಂದಿನ ನೀರಿಗೆ ಬಿಟ್ಟು ಮೆಲ್ಲಗೆ ತಿರುಗಿಸು. ನೀರೊಳಗೆ ಎಣ್ಣೆ ಹನಿ, ಅದರೊಳಗೆ ಕಹಿ. ಎರಡನೇ ಸಲವೂ ಜೋರು ಮಾಡಿದೆಯೋ, ಹನಿ ಒಡೆದು ಕಹಿಯೆಲ್ಲ ಈಚೆಗೆ!"

ಮಗು ತೂಗುವ ಹಾಗೆ ತಿರುಗಿಸಿ ಒಯ್ದು ಕೊಟ್ಟೆ. ಅಮಲ್ದಾರರು ಕುಡಿದು ತುಟಿ ಚಪ್ಪರಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿತು.

"ಕಹಿ ಒಂಚೂರೂ ಇಲ್ಲ. ಸರ್ಕಾರದ ಕ್ವಿನೈನು ಯಾರಿಗೆ ಮಾರಿದೆಯೋ?"

ಒಳಗೇ ಇದೆ ಸ್ವಾಮಿ ಎಂದರೆ ಕೇಳುವವರು ಯಾರು? ಓಲಗ ಹೋಗಿ ಕೈಕೋಳದ ಸದ್ದು ಕೇಳಿಸಿತು. ಆಸ್ಪತ್ರೆಗೆ ಓಡಿ, ಉಳಿದಿದ್ದ ಅದೇ ಔಷಧಿಯನ್ನು ಕಲ್ಬತ್ತಿಗೆ ಸುರಿದು, ಒಂದು ಹನಿಯೂ ಒಡೆಯದೆ ಉಳಿಯದ ಹಾಗೆ ಜಜ್ಜಿ ತಂದೆ.

ಅಮಲ್ದಾರರು ಒಂದು ಗುಟುಕು ಕುಡಿದರು. ಕಣ್ಣು ಮೇಲಕ್ಕೆ ಹೋಯಿತು, ತಲೆಯ ರುಮಾಲು ಜಾರಿತು. ಕೈಸನ್ನೆ ಮಾಡಿ ಲೇಖನಿ ತರಿಸಿ, ಮುಖ ಕಿವುಚಿಕೊಂಡೇ ಶಿಫಾರಸು ಬರೆದರು:

"ಈತ ಪ್ರಾಮಾಣಿಕ."