ಕ್ಯಾರವಾನಿನ ಮೈಲೇಜೂ ಬೆಳ್ಮಣ್ಣಿನ ಚಿಕ್ಕಮ್ಮನೂ

ಕಳೆದ ದೀಪಾವಳಿಯ ಮರುವಾರ, ಭಾನುವಾರ ಬೆಳಿಗ್ಗೆ, ಮಣಿಪಾಲದ ನಮ್ಮ ಮನೆಯ ಗೇಟನ್ನು ಕಳಚಿ ಬದಿಗಿಟ್ಟು ಹಳೆಯ ಡೀಸೆಲ್ ಕ್ಯಾರವಾನೊಂದನ್ನು ಹಿಮ್ಮುಖವಾಗಿ ಅಂಗಳಕ್ಕೆ ತರಲಾಯಿತು. ಯಾರಿಗೂ ಗಾಯಗಳಾಗಿಲ್ಲ. ಒಂದು ದಾಸವಾಳದ ಗಿಡಕ್ಕೆ ಹಾನಿಯಾಗಿದೆ. ಗಾಡಿ ಓಡಿಸುತ್ತಿದ್ದವಳು ನನ್ನ ಹೆಂಡತಿ ವಾರಿಜ. ಹಿಂದೆ ನಿಂತು ‘ಬರಲಿ, ಬರಲಿ’ ಎಂದು ಕೈ ಆಡಿಸುತ್ತಿದ್ದವನು ನಾನು. ಗಿಡದ ಹೊಣೆ ಯಾರದೆಂಬ ಬಗ್ಗೆ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿಲ್ಲ.

ವಿಷಯವನ್ನು ಹೀಗೆ ಹೇಳುವುದು ನನಗೆ ಅಂಟಿಕೊಂಡ ಅಭ್ಯಾಸ. ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಕೂತು, ಬೇರೆಯವರು ಬರೆದದ್ದನ್ನು ನಂಬದೇ ಇರುವುದಕ್ಕೆ ಸಂಬಳ ಪಡೆದು ನಿವೃತ್ತನಾದವನು ನಾನು. ಯಾರು ಹೇಳಿದ್ದು, ಇನ್ನೊಬ್ಬರು ಹೇಳಿದ್ದಾರಾ, ನೀನು ನೋಡಿದೆಯಾ ಎಂದು ವರದಿಗಾರರನ್ನು ಕೇಳಿ ಕೇಳಿ ಅದೇ ಮಾತು ನಾಲಗೆಯಲ್ಲಿ ನಿಂತುಬಿಟ್ಟಿದೆ. “ಮಳೆ ಬಂತು, ಬಟ್ಟೆ ತೆಗೀರಿ” ಎಂದು ವಾರಿಜ ಒಳಗಿನಿಂದ ಕೂಗಿದರೆ ನಾನು ಮೊದಲು ಕಿಟಕಿಯಿಂದ ಕೈ ಹೊರಗೆ ಚಾಚಿ ಖಚಿತಪಡಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ಬಟ್ಟೆ ಒದ್ದೆಯಾಗಿರುತ್ತದೆ. ಆದರೆ ಸುದ್ದಿ ಮಾತ್ರ ನಿಜವಾಗಿರುತ್ತದೆ.

ಕ್ಯಾರವಾನ್ ಬಂದದ್ದು ವಾರಿಜಳ ಒಂದೇ ಒಂದು ಬೇಡಿಕೆಯಿಂದ. ನಮ್ಮದು ದೊಡ್ಡ ನೆಂಟರ ಬಳಗ. ಮನೆ ಇರುವುದು ಮಣಿಪಾಲದಲ್ಲಿ, ಆಸ್ಪತ್ರೆಗಳ ಊರಿನಲ್ಲಿ. ಕಾಪುವಿನಲ್ಲಿ ಯಾರಿಗೆ ಎದೆ ನೋವು ಬಂದರೂ, ಕಾರ್ಕಳದಲ್ಲಿ ಯಾರ ಮೊಣಕಾಲು ಹಿಡಿದುಕೊಂಡರೂ ನಮ್ಮ ಒಲೆಯ ಮೇಲೆ ಒಂದು ಪಾತ್ರೆ ಗಂಜಿ ಹೆಚ್ಚಿಗೆ ಬೇಯುತ್ತದೆ. ರೋಗಿ ಒಬ್ಬರಾದರೆ ಜೊತೆಗೆ ಬಂದವರು ಮೂವರು. ವಾರಿಜ ಎಂದೂ ಮುಖ ಗಂಟಿಕ್ಕಿದವಳಲ್ಲ. ಆದರೆ ಒಂದು ದಿನ, ಅತಿಥಿಗಳನ್ನು ಬಸ್ಸಿಗೆ ಹತ್ತಿಸಿ ಬಂದು, ಚಾಪೆ ಮಡಚುತ್ತ ಹೇಳಿದಳು: “ನನಗೆ ಒಂದು ರಾತ್ರಿ ಬೇಕು ನೋಡಿ. ನಮ್ಮ ಮನೆಗೆ ಯಾರೂ ಬರಬಾರದು, ನಾವೂ ಯಾರ ಮನೆಗೂ ಹೋಗಬಾರದು.” ಲಾಡ್ಜಿಗೆ ಹೋಗುವ ಎಂದೆ. “ಅಲ್ಲಿಯೂ ಒಬ್ಬ ಬಂದು ನೀರು ಬೇಕಾ, ಊಟ ಬೇಕಾ ಅಂತ ಬಾಗಿಲು ತಟ್ತಾನೆ. ಹೆಬ್ರಿಯ ಕಡೆ ಹೊಳೆ ಬದಿಯಲ್ಲಿ ಎಲ್ಲಿಯಾದರೂ ಸಾಕು. ಹೆಬ್ರಿಯಲ್ಲಿ ನಮಗೆ ಯಾರೂ ಇಲ್ಲ.” ಯಾರೂ ಇಲ್ಲ ಎಂಬುದನ್ನು ಒಂದು ಊರಿನ ಹೆಗ್ಗಳಿಕೆಯಾಗಿ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಊರು ಬಿಡುತ್ತಿದ್ದ ಪ್ರಾಧ್ಯಾಪಕರೊಬ್ಬರು ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಒಳಗೇ ಇರುವ ತಮ್ಮ ಗಾಡಿಯನ್ನು ಮಾರಲು ಹೊರಟಿದ್ದರು. ಕೊಂಡೆವು. ಮರುದಿನವೇ ಹೆಬ್ರಿಗೆ ಹೋಗಬಹುದಿತ್ತು, ದೂರ ಏನಿಲ್ಲ. ಆದರೆ ಗಾಡಿ ಎಷ್ಟು ಮೈಲೇಜ್ ಕೊಡುತ್ತದೆ ಎಂದು ವಿಚಾರಿಸುವ ಬುದ್ಧಿ ನನಗೆ ಬಂತು. ಪ್ರಾಧ್ಯಾಪಕರು ಹನ್ನೆರಡು ಎಂದರು. ಗ್ಯಾರೇಜಿನವರು ಎಂಟು ಎಂದರು. ಕಾಪುವಿನಲ್ಲಿ ಮೀನಿನ ವ್ಯಾಪಾರ ಮಾಡುವ ವಾರಿಜಳ ಅಣ್ಣ ಸದಾನಂದ ಗಾಡಿಯನ್ನು ಒಂದು ಸುತ್ತು ಬಂದು, “ಭಾವ, ಇದು ಐದರ ಮೇಲೆ ಕೊಟ್ಟರೆ ನಾನು ಮೀನು ಬಿಟ್ಟು ಬದನೆಕಾಯಿ ಮಾರ್ತೇನೆ” ಎಂದ. ಒಂದೇ ಘಟನೆ, ಮೂವರು ಸಾಕ್ಷಿಗಳು, ಮೂರು ಅಂಕಿ. ಇಂಥ ವರದಿಯನ್ನು ನಾನು ಪುಟಕ್ಕೆ ಬಿಟ್ಟವನೇ ಅಲ್ಲ. “ಯಾವ ವೇಗದಲ್ಲಿ ಹೋದರೆ ಡೀಸೆಲ್ ಕಡಿಮೆ ಕುಡಿಯುತ್ತದೆ ಅಂತ ಮೊದಲು ಗೊತ್ತಾಗಲಿ. ಆಮೇಲೆ ಹೆಬ್ರಿ ಏನು, ಗೋವಾದವರೆಗೂ ಹೋಗುವ” ಎಂದೆ. ವಾರಿಜ ಗೋವಾ ಕೇಳಿರಲಿಲ್ಲ.

ಓದುಗರಿಗೆ ಸಿದ್ಧಾಂತವನ್ನು ಸ್ವಲ್ಪ ಹೇಳಬೇಕು. ತೀರಾ ನಿಧಾನ ಹೋದರೆ ಕೆಳಗಿನ ಗೇರಿನಲ್ಲಿ ಇಂಜಿನ್ ಗೊಣಗುತ್ತ ಎಣ್ಣೆ ಕುಡಿಯುತ್ತದೆ. ಜೋರಾಗಿ ಹೋದರೆ ಗಾಳಿ ಅಡ್ಡ ನಿಲ್ಲುತ್ತದೆ. ಕಾರಿಗಾದರೆ ಒಂದು ಮೂಗಿದೆ, ಗಾಳಿಯ ನಡುವೆ ತೂರಿಕೊಳ್ಳುತ್ತದೆ. ಕ್ಯಾರವಾನಿಗೆ ಇರುವುದು ಬರೀ ಹಣೆ; ಬಟ್ಟೆಯ ಕಪಾಟನ್ನು ನೆಟ್ಟಗೆ ನಿಲ್ಲಿಸಿ ಓಡಿಸಿದ ಹಾಗೆ. ಈ ಎರಡು ಕಷ್ಟಗಳ ನಡುವೆ ಎಲ್ಲೋ ಒಂದು ಕಡೆ ಗಾಡಿಗೆ ಹಿತವಾದ ವೇಗ ಇರುತ್ತದೆ. ಕಂಡುಹಿಡಿಯುವ ವಿಧಾನ ಸರಳ. ಒಂದೇ ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ಸುತ್ತಿ ಬಂದು ಮತ್ತೆ ತುಂಬಿಸಬೇಕು. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಎಂದರ್ಥ. ನಾನು ಆರಿಸಿಕೊಂಡದ್ದು ಉಡುಪಿಯಿಂದ ಹೆದ್ದಾರಿಯಲ್ಲಿ ಕಾಪು, ಪಡುಬಿದ್ರಿ, ಅಲ್ಲಿಂದ ಒಳಗೆ ಬೆಳ್ಮಣ್, ಕಾರ್ಕಳ, ಹಿರಿಯಡ್ಕದ ಮೇಲೆ ಮರಳಿ ಮಣಿಪಾಲ ಸೇರುವ ಸುತ್ತು. ಪ್ರತಿ ಸಲವೂ ಭಾರ ಒಂದೇ ಇರಬೇಕಾದ್ದರಿಂದ ವಾರಿಜಳೂ ಬರಬೇಕೆಂದು ಹೇಳಿದೆ. “ಹೆಂಡತಿಯಾಗಿಯಾ, ಭಾರವಾಗಿಯಾ?” ಎಂದು ಕೇಳಿದಳು. ಸ್ಟಿಯರಿಂಗ್ ನಾನೇ ಹಿಡಿದೆ. ವಾರಿಜ ಮದುವೆಗೆ ಮೊದಲು ಅಪ್ಪನ ಮೀನಿನ ಟೆಂಪೊವನ್ನು ಮಲ್ಪೆಗೆ ಓಡಿಸಿಕೊಂಡು ಹೋಗುತ್ತಿದ್ದವಳು. ಅವಳ ಕಾಲಿಗೆ ಒಂದೇ ವೇಗದಲ್ಲಿ ನಿಲ್ಲುವ ಸಂಯಮವಿಲ್ಲ.

ಮೊದಲ ಸುತ್ತು ಐವತ್ತರಲ್ಲಿ. ನಮ್ಮ ಹೆದ್ದಾರಿಯಲ್ಲಿ ಐವತ್ತರಲ್ಲಿ ಹೋಗುವವರು ಇಲ್ಲವೆಂದು ನನಗೆ ಅಂದು ತಿಳಿಯಿತು. ಖಾಸಗಿ ಎಕ್ಸ್‌ಪ್ರೆಸ್ ಬಸ್ಸೊಂದು ಹಿಂದಿನಿಂದ ಹಾರ್ನ್ ಹೊಡೆದು ಹೊಡೆದು ಕೊನೆಗೆ ಪಕ್ಕಕ್ಕೆ ಬಂದಾಗ ಕಂಡಕ್ಟರ್ ಬಾಗಿಲಲ್ಲಿ ಜೋತುಕೊಂಡು, “ಅಜ್ಜಾ, ಹಿಂದಿನಿಂದ ಮೆರವಣಿಗೆ ಬರ್ಲಿಕ್ಕೆ ಉಂಟಾ?” ಎಂದು ಕೇಳಿ ಹೋದ. ಕಟಪಾಡಿಯಲ್ಲಿ ಇಬ್ಬರು ಹೆಂಗಸರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಒಬ್ಬರು ಕನ್ನಡಕ ತೆಗೆದು ಸಿದ್ಧವಾಗಿಯೇ ನಿಂತಿದ್ದರು. “ಕಣ್ಣು ಪರೀಕ್ಷೆ ಇಲ್ಲಿಯೇ ಮಾಡ್ತೀರಾ, ಶಾಲೆಯ ಹತ್ತಿರವಾ?” ಇದು ಕಣ್ಣಿನ ಶಿಬಿರದ ಗಾಡಿಯಲ್ಲ ಎಂದು ತಿಳಿಸಿದಾಗ, “ಮತ್ತೆ ಎಂತಕ್ಕೆ ಇಷ್ಟು ಮೆಲ್ಲ ಬಂದದ್ದು?” ಎಂದು ಗದರಿಸಿದರು. ಕಾಪುವಿನಲ್ಲಿ ರಸ್ತೆ ಬದಿಯಲ್ಲೇ ಸದಾನಂದ ನಿಂತಿದ್ದ. ಸಣ್ಣ ಕಾರಿನಲ್ಲಿ ಬಗ್ಗಿ ಕೂತು ನೆಂಟರ ಮನೆ ದಾಟಿದ ಅನುಭವ ಎಲ್ಲರಿಗೂ ಇರುತ್ತದೆ. ಕ್ಯಾರವಾನಿನಲ್ಲಿ ಬಗ್ಗಿ ಪ್ರಯೋಜನವಿಲ್ಲ. “ಬಾಗಿಲ ಮುಂದೆಯೇ ಹೋಗಿ ಒಳಗೆ ಬಾರದಿದ್ದರೆ ಜನ ಎಂತ ಹೇಳ್ತಾರೆ ಭಾವ? ನಾವು ಜಗಳ ಮಾಡಿದ್ದೇವೆ ಅಂತ ಸಂಜೆಯೊಳಗೆ ಸುದ್ದಿ ಆಗ್ತದೆ.” ಸುದ್ದಿಯ ವಿಷಯ ನನಗೆ ಗೊತ್ತು, ಇಳಿದೆ. ಚಹಾ ಕುಡಿದು ಬರುವಷ್ಟರಲ್ಲಿ ಮಂಜುಗಡ್ಡೆ ಸಮೇತ ಒಂದು ಪೆಟ್ಟಿಗೆ ಬಂಗುಡೆ ಒಳಗೆ ಕೂತಿತ್ತು. ಭಾರ ಬದಲಾಯಿತು. ಸುತ್ತು ರದ್ದು.

ಮುಂದಿನ ವಾರದ ಸುತ್ತಿಗೆ ಐವತ್ತೈದು. ಕಾಪುವಿನಲ್ಲಿ ನಿಲ್ಲಿಸಲಿಲ್ಲ. ಸದಾನಂದ ಫೋನ್ ಮಾಡಿ ಬೆಳ್ಮಣ್ಣಿಗೆ ಸುದ್ದಿ ಮುಟ್ಟಿಸಿದ. ಅಲ್ಲಿ ವಾರಿಜಳ ಚಿಕ್ಕಮ್ಮ ರಸ್ತೆಗೇ ಬಂದು ನಿಂತಿದ್ದರು. ಎಪ್ಪತ್ತು ದಾಟಿದ ಗಟ್ಟಿ ಜೀವ. ಇಡೀ ಕುಟುಂಬಕ್ಕೆ ಬಡಿಸಿ ಬಡಿಸಿ ಬಲಗೈ ಯಾವಾಗಲೂ ಸೌಟು ಹಿಡಿದ ಹಾಗೆಯೇ ಇರುತ್ತದೆ. “ಒಳಗೆ ಹಾಸಿಗೆ ಉಂಟಂತೆ, ಒಲೆ ಉಂಟಂತೆ. ನಮ್ಮ ಮನೆಯಲ್ಲಿ ಎಂತ ಇಲ್ಲ ಅಂತ ನೀವು ಮನೆಯನ್ನೇ ಹೊತ್ಕೊಂಡು ತಿರುಗುವುದು?” ಎಂದು ನನ್ನನ್ನು ಕೇಳಿದರು. ನಾನು ಗಾಳಿಯ ತಡೆಯ ಬಗ್ಗೆ ವಿವರಿಸಿದೆ. “ಅದೆಲ್ಲ ಊಟ ಆದ ಮೇಲೆ” ಎಂದರು. ಒಲೆಯ ಮೇಲೆ ಅನ್ನಕ್ಕೆ ಇಟ್ಟು, ಅದು ಬೇಯುವಷ್ಟರಲ್ಲಿ ಈ ಅವಮಾನವನ್ನು ಕಣ್ಣಾರೆ ನೋಡಿಬಿಡುವ ಎಂದು ಗಾಡಿ ಹತ್ತಿದರು. ಹಾಸಿಗೆಯನ್ನು ಒತ್ತಿ ನೋಡಿದರು. ಕೂತರು. ಕಾಲು ಮೇಲೆ ತೆಗೆದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ಗೊರಕೆ ಕೇಳಿಸಿತು.

ಯಾರಿಗೂ ಎಬ್ಬಿಸುವ ಮನಸ್ಸಾಗಲಿಲ್ಲ. ಮನೆಯೊಳಗಿಂದ ಸೊಸೆ ಬಂದು ಇಣುಕಿ, “ಅತ್ತೆ ಹಗಲು ಮಲಗಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿದ್ದೇ ಇಲ್ಲ” ಎಂದು ಪಿಸುಗುಟ್ಟಿ, ಅನ್ನ ತಾನೇ ಬಸಿದುಕೊಂಡಳು. ವಾರಿಜ ಗಾಡಿಯ ಮೆಟ್ಟಿಲಲ್ಲಿ ಕೂತು ಚಿಕ್ಕಮ್ಮನ ಕಡೆಗೇ ನೋಡುತ್ತಿದ್ದಳು. ಬಿಸಿಲಿಗೆ ನಿಂತ ಟ್ಯಾಂಕಿನಲ್ಲಿ ಡೀಸೆಲ್ ಹಿಗ್ಗುತ್ತದೆಯೇ ಎಂಬ ಚಿಂತೆಯಲ್ಲಿ ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಎದ್ದ ಮೇಲೆ ಚಿಕ್ಕಮ್ಮ ಯಾರ ಮುಖವನ್ನೂ ನೋಡದೆ ಇಳಿದು, ಎಂದಿಗಿಂತ ಜೋರಾಗಿ ಬಡಿಸಿದರು. ಕುಚ್ಚಲಕ್ಕಿಯ ಒಂದು ಮೂಟೆ ಹಾಗೂ ಮೂರು ಬೂದುಗುಂಬಳ ಗಾಡಿ ಹತ್ತಿದವು. ನಮ್ಮ ಜಿಲ್ಲೆಯಲ್ಲಿ ವಾಹನದ ಮೈಲೇಜು ವೇಗಕ್ಕಿಂತ ಹೆಚ್ಚಾಗಿ ದಾರಿಯಲ್ಲಿರುವ ನೆಂಟರ ಸಂಖ್ಯೆಯನ್ನು ಅವಲಂಬಿಸಿದೆ ಎಂಬ ತಾತ್ಕಾಲಿಕ ತೀರ್ಮಾನಕ್ಕೆ ಬಂದೆ. ಆದರೆ ಅದೂ ಖಚಿತವಾಗಬೇಕಲ್ಲ.

ಕಾರ್ಕಳ ದಾಟಿ ಹಿರಿಯಡ್ಕಕ್ಕೆ ಬಂದಾಗ, ಎಡಕ್ಕೆ ಮಣಿಪಾಲ, ಬಲಕ್ಕೆ ಹೆಬ್ರಿ. ಕುಂಬಳಗಳನ್ನು ಲೆಕ್ಕದಿಂದ ಹೇಗೆ ಕಳೆಯುವುದೆಂದು ನಾನು ಯೋಚಿಸುತ್ತಿದ್ದೆ. ವಾರಿಜ ಮೆಲ್ಲಗೆ, “ಬಲಕ್ಕೆ ತಿರುಗಿಸಿ” ಎಂದಳು.

“ಈಗ ಬಲಕ್ಕೆ ಹೋದರೆ ಐವತ್ತೈದರ ಸುತ್ತು ಪೂರ್ತಿ ಹಾಳಾಗ್ತದೆ.”

“ಅಕ್ಕಿ ಉಂಟು, ಕುಂಬಳ ಉಂಟು, ಹಾಸಿಗೆ ಉಂಟು. ಇನ್ನೆಂತ ಗೊತ್ತಾಗಬೇಕು ನಿಮಗೆ?”

“ಇನ್ನು ಎರಡು ಸುತ್ತು. ಅರುವತ್ತರದ್ದು ಒಂದು, ಅರುವತ್ತೈದರದ್ದು ಒಂದು. ಆಮೇಲೆ ನೀನು ಹೇಳಿದಲ್ಲಿಗೆ.”

“ನೀವು ಪೇಪರಿನಲ್ಲಿ ಇದ್ದಾಗ ತಡ ಆದ ಸುದ್ದಿಯನ್ನು ಎಂತ ಮಾಡ್ತಿದ್ರಿ?”

ಕಸದ ಬುಟ್ಟಿಗೆ ಹಾಕುತ್ತಿದ್ದೆವು. ಎಡಕ್ಕೆ ತಿರುಗಿಸಿದೆ. ಬಂಕಿನಲ್ಲಿ ತುಂಬಿಸಿ ನೋಡಿದರೆ ಐವತ್ತೈದರ ಫಲಿತಾಂಶ, ಅಕ್ಕಿ ಮೂಟೆ ಇದ್ದರೂ, ಬಹಳ ಚೆನ್ನಾಗಿತ್ತು. ಈ ಸಂತೋಷವನ್ನು ಹಂಚಿಕೊಳ್ಳಲು ವಾರಿಜಳ ಕಡೆ ತಿರುಗಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ರೆಯಲ್ಲಿ ಇರಲಿಲ್ಲ.

ಅರುವತ್ತರ ಸುತ್ತಿಗೆಂದು ನಿನ್ನೆ ಬೆಳಿಗ್ಗೆ ನಾನು ಟಯರಿನ ಗಾಳಿ ನೋಡುವ ಮೀಟರು ಕೇಳಲು ಗ್ಯಾರೇಜಿಗೆ ನಡೆದು ಹೋಗಿದ್ದೆ. ಮರಳಿ ಬಂದಾಗ ಅಂಗಳ ಬಹಳ ವಿಶಾಲವಾಗಿ ಕಂಡಿತು. ಗ್ಯಾಸಿನ ಒಲೆಯ ಮೇಲೆ ಒಂದು ಪಾತ್ರೆ, ಪಕ್ಕದಲ್ಲಿ ಅಳತೆ ಮಾಡಿಟ್ಟ ಅಕ್ಕಿ ಇತ್ತು. ಅದರ ಅರ್ಥ ತಿಳಿಯುವ ಮೊದಲೇ ಸದಾನಂದ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದ. ಅವಳಿಗೆ ಆಸ್ಪತ್ರೆಯಲ್ಲಿ ಎರಡು ದಿನದ ತಪಾಸಣೆಯಂತೆ. ಗಂಜಿ ನಾನೇ ಬೇಯಿಸಿದೆ. ಸದಾನಂದ ಒಂದು ತುತ್ತು ಬಾಯಿಗಿಟ್ಟು, “ಉಪ್ಪು ಹಾಕುವ ಮೊದಲು ಎರಡು ಕಡೆ ವಿಚಾರಿಸಿದ್ರಾ ಭಾವ? ಇಬ್ಬರೂ ಹಾಕಿ ಅಂತ ಹೇಳಿದ ಹಾಗೆ ಉಂಟು” ಎಂದ. ಪಾತ್ರೆ ತೊಳೆದೆ, ಚಾಪೆ ಹಾಸಿದೆ, ಬಿಸಿನೀರು ಕೇಳಿದಾಗ ಕಾಯಿಸಿದೆ. ಅವರು ಊಟವಾಯಿತಾ ಎಂದು ಕೇಳಿದಾಗಲೇ ನಾನು ಊಟ ಮಾಡಿಲ್ಲವೆಂದು ನೆನಪಾದದ್ದು.

ಸಂಜೆ ವಾರಿಜ ಫೋನ್ ಮಾಡಿದಳು. ಬೆಳ್ಮಣ್ಣಿಗೆ ಹೋಗಿ ಚಿಕ್ಕಮ್ಮನನ್ನು ಹತ್ತಿಸಿಕೊಂಡು, ಹೆಬ್ರಿಯ ಆಚೆ ಹೊಳೆ ಬದಿಯಲ್ಲಿ, ಜಾಗದವರನ್ನು ಕೇಳಿಯೇ ಗಾಡಿ ನಿಲ್ಲಿಸಿದ್ದಾಳಂತೆ. ಯಾರ ಮನೆಗೂ ಹೋಗಬಾರದೆಂದವಳು ಚಿಕ್ಕಮ್ಮನನ್ನು ಕರೆದುಕೊಂಡು ಹೋದದ್ದು ಹೇಗೆ ಎಂದು ಕೇಳಿದೆ. “ಇಲ್ಲಿ ಯಾರದ್ದೂ ಮನೆ ಅಲ್ಲವಲ್ಲ” ಎಂದಳು. ಅಡುಗೆ ಯಾರದ್ದು ಎಂದು ಕೇಳಿದೆ. “ಯಾರಿಗೆ ಹಸಿವಾಗ್ತದೋ ಅವರದ್ದು. ಇಬ್ಬರಿಗೂ ಇನ್ನೂ ಆಗಲಿಲ್ಲ.” ಹಿನ್ನೆಲೆಯಲ್ಲಿ ನೀರಿನ ಸದ್ದು ಇತ್ತು, ಚಿಕ್ಕಮ್ಮ ಯಾವುದಕ್ಕೋ ನಗುತ್ತಿದ್ದರು. ಎಷ್ಟರ ವೇಗದಲ್ಲಿ ಹೋದೆ ಎಂದು ಕೇಳದೆ ಇರಲು ನಾನು ಪ್ರಯತ್ನಿಸಿದೆ, ಆಗಲಿಲ್ಲ. “ಮುಂದೆ ಒಂದು ಲಾರಿ ಇತ್ತು. ಅದು ಹೇಗೆ ಹೋಯಿತೋ ಹಾಗೆ” ಎಂದಳು. ನಾಳೆ ಬರ್ತೀಯಲ್ಲ ಎಂದೆ. ಸಿಗ್ನಲ್ ಸರಿ ಇಲ್ಲ ಎಂದಳು. ನನಗೆ ಅವಳ ಮಾತು ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು.

ಇಂದು ಮಧ್ಯಾಹ್ನ ಸಿಕ್ಕಿದ ಮಾಹಿತಿಯ ಪ್ರಕಾರ ಕ್ಯಾರವಾನ್ ಹೆಬ್ರಿಯನ್ನು ಬಿಟ್ಟಿದೆ. ಅದು ಮಣಿಪಾಲದ ಕಡೆಗೆ ಬಂದಿಲ್ಲ.